ಮರದಲ್ಲಿ ಕಟ್ಟಿದ ಅಟ್ಟ ಕಾಣೆಯಾದ ಹುಡುಗನಿಗೆ

ನಿನ್ನ ಪತ್ರ ಓದಿದೆ. ಕಾಸರಗೋಡಿನ ಪೆರ್ಲದಿಂದ ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ಗೆ ಬಂದು ಎಂಟು ತಿಂಗಳು. ಆಫೀಸಿನವರು ಜಿಂಕೆ ಬೇಟೆಗೆ ಕರೆದರು, ನಿನಗೂ ಹುಮ್ಮಸ್ಸು ಬಂತು. ಸರ್ಕಾರಿ ಕಾಡಿನಲ್ಲಿ ಜಿಂಕೆಗೆ ಕಾದು ಕೂರಲು ಮರಕ್ಕೆ ಅಟ್ಟ ಕಟ್ಟಿದೆ, ಜಿಂಕೆ ನಡೆಯುವ ದಾರಿಗೆ ಕ್ಯಾಮೆರಾ ಇಟ್ಟೆ. ಎರಡು ವಾರ ಬಿಟ್ಟು ಹೋದರೆ ಎರಡೂ ಇಲ್ಲ. "ಇಲ್ಲಿಯೂ ಹೀಗಾ ಮಾವ? ಇಲ್ಲಿ ಮನೆ ಬಾಗಿಲಲ್ಲಿ ಪಾರ್ಸೆಲ್ ಇಟ್ಟು ಹೋಗ್ತಾರಲ್ಲ!" ಎಂದು ಕೇಳಿದ್ದೀ.

ಹೀಗೇ ಮಾರಾಯ. ಪಾರ್ಸೆಲ್ಲೂ ಕದೀತಾರೆ, ನಿನ್ನದು ಇನ್ನೂ ಹೋಗಿಲ್ಲ ಅಷ್ಟೆ.

ನಮ್ಮ ಕಡೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಹೋಗುವುದನ್ನು ನೋಡಿದ್ದೀಯಲ್ಲ? ಯಾರು ಒಯ್ಯುತ್ತಾರೆ? ನಾಯಿ ಯಾವ ಹೊತ್ತಿಗೆ ಮಲಗುತ್ತದೆ ಎಂದು ಗೊತ್ತಿರುವವನು. ಇಲ್ಲಿಯೂ ಹಾಗೆಯೇ. ನೀನು ಇಟ್ಟ ಜಾಗ ಚೆನ್ನಾಗಿದೆ ಎಂದರೆ ಇನ್ನೊಬ್ಬ ಬೇಟೆಗಾರನಿಗೂ ಅದು ಚೆನ್ನಾಗಿ ಕಂಡಿದೆ. ಅಡಿಕೆಯನ್ನಾದರೆ ಮಾರಬಹುದು. ಇಲ್ಲಿ ಕಾಡುಜಿಂಕೆಯ ಮಾಂಸ ಮಾರುವಂತಿಲ್ಲ. ಆದರೂ ಹೊಡೆದ ಜಿಂಕೆಯನ್ನೇ ಎಳೆದುಕೊಂಡು ಹೋಗುವವರಿದ್ದಾರೆ. ಗೋಡೆಗೆ ಹಾಕಲು ದೊಡ್ಡ ಕೊಂಬು, ಹೇಳಿಕೊಳ್ಳಲು ಒಂದು ಕತೆ. ಅಷ್ಟಕ್ಕೇ.

ನನಗೇ ಆಗಿದೆ. ನಾನು ಬಂದು ನಾಲ್ಕನೆಯ ವರ್ಷ. ಇಲ್ಲಿ ಕೋವಿಯ ಬೇಟೆ ನವೆಂಬರ್ 15ಕ್ಕೆ ಶುರು, 30ಕ್ಕೆ ಮುಗಿಯುತ್ತದೆ. ಮೊದಲ ದಿನ ಕೆಲವು ಊರುಗಳಲ್ಲಿ ಶಾಲೆಗೇ ರಜೆ. ಬೆಳಗ್ಗೆ ಒಂದು ಗಂಡು ಜಿಂಕೆಗೆ ಗುಂಡು ಬಿತ್ತು, ಓಡಿತು. ಗಾಯವಾದ ಪ್ರಾಣಿಯನ್ನು ಕೂಡಲೇ ಓಡಿಸಬಾರದು, ಸ್ವಲ್ಪ ಬಿಡಬೇಕು ಎಂದು ಹೇಳಿಕೊಟ್ಟಿದ್ದರು. ಅರ್ಧ ಗಂಟೆ ಕೂತೆ. ಆಮೇಲೆ ಎಲೆಯ ಮೇಲಿನ ರಕ್ತ ನೋಡುತ್ತಾ ನಡೆದೆ. ಒಂದು ತಗ್ಗಿನಲ್ಲಿ ರಕ್ತ ನಿಂತಿತು. ಅಲ್ಲಿ ಇದ್ದದ್ದು ಕರುಳಿನ ರಾಶಿ, ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲಿ ರಸ್ತೆಯ ಕಡೆಗೆ ಎಳೆದ ಗುರುತು. ಹೋಗಿ ನೋಡುವಾಗ ಪಿಕಪ್ ಗಾಡಿ ಹೊರಟಾಗಿತ್ತು.

ಅದನ್ನು ಸಾಬೀತು ಮಾಡುವುದು ಹೇಗೆ? ಜಿಂಕೆ ಬಿದ್ದ ಕೂಡಲೇ ಅದಕ್ಕೆ ನಮ್ಮ ಬೇಟೆ ಲೈಸೆನ್ಸಿನ ಜೊತೆ ಬರುವ ಚೀಟಿ, ಅಂದರೆ ಟ್ಯಾಗ್, ಕಟ್ಟಬೇಕು ಎಂಬುದು ನಿಯಮ. ನಾನು ತಲುಪುವ ಮೊದಲೇ ಅವನು ತನ್ನದನ್ನು ಕಟ್ಟಿದರೆ ಕಾಗದದ ಮೇಲೆ ಅದು ಅವನ ಜಿಂಕೆ. ಈಗ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಕೊಡಬೇಕು ಬೇರೆ. ಅದನ್ನೂ ಅವನು ಚಂದ ಮಾಡಿ ಕೊಡುತ್ತಾನೆ. ಹಾಗಾಗಿ ಜಿಂಕೆ ಸಿಕ್ಕಿದ ತಕ್ಷಣ, ಬೆವರು ಒರೆಸುವ ಮೊದಲು, ಟ್ಯಾಗ್ ಕಟ್ಟು. ಟ್ಯಾಗ್ ಕಾಣುವ ಹಾಗೆ ಫೋಟೋ ತೆಗೆ. ಗಾಡಿ ತರಲು ಹೋದಾಗ ಯಾರಾದರೂ ಒಯ್ದರೆ ನಿನ್ನ ಕೈಯಲ್ಲಿ ಏನಾದರೂ ಇರಲಿ.

ಆ ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಕಾನತ್ತೂರಿಗೆ ಹೇಳಿಕೊಳ್ತೇನೆ" ಎಂದು ಹೊರಟೇಬಿಟ್ಟರು. ನಮ್ಮ ಕಡೆಯವರು ನ್ಯಾಯ ಕೇಳಿ ಹೋಗುವ ದೈವಸ್ಥಾನ ಅದು. ಬೇಡಮ್ಮಾ, ನಾಲ್ವರ್ ದೈವಗಳಿಗೆ ಮಿಷಿಗನ್ ದೂರ ಆಗ್ತದೆ ಎಂದೆ. "ದೈವಕ್ಕೆಂತ ದೂರ?" ಎಂದು ಬೈದರು. ಅಜ್ಜ ಹೇಳುತ್ತಿದ್ದ ಬೇಟೆಯ ಪಾಲಿನ ಲೆಕ್ಕ ಅವರ ತಲೆಯಲ್ಲಿತ್ತು. ಗುಂಡು ಹೊಡೆದವನಿಗೆ ಇಷ್ಟು, ಜೊತೆಗಿದ್ದವರಿಗೆ ಇಷ್ಟು, ನಾಯಿಗೂ ಒಂದು ಪಾಲು. ಅದೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಮೊದಲಿನ ಮಾತು. ಈಗ ನಮ್ಮ ಕೇರಳದ ಊರಲ್ಲಿ ಕಾಡುಹಂದಿ ತೋಟ ಹಾಳು ಮಾಡಿದರೂ ಅದನ್ನು ಹೊಡೆಯಲು ಪಂಚಾಯತ್ ಅಧ್ಯಕ್ಷರ ಅನುಮತಿ ಬೇಕು. 2022ರಿಂದ ಅವರಿಗೆ ಆ ಅಧಿಕಾರ ಇದೆ. ಲೈಸೆನ್ಸ್ ಕೋವಿಯವರೇ ಬಂದು ಹೊಡೆಯಬೇಕು, ಹೊಡೆದದ್ದನ್ನು ಹೂಳಬೇಕು. ತಿನ್ನುವಂತಿಲ್ಲ, ಆದ್ದರಿಂದ ಕದಿಯುವ ಜಗಳವೂ ಇಲ್ಲ!

ಇನ್ನು ನಿನ್ನ ಅಟ್ಟದ ವಿಷಯ. ಅದರ ಮೇಲೆ ಹೆಸರು, ವಿಳಾಸ ಬರೆದಿದ್ದೆಯಾ? ಸರ್ಕಾರಿ ಜಾಗದಲ್ಲಿ ಅದು ಕಡ್ಡಾಯ, ಕೆಳಗೆ ನಿಂತವನಿಗೆ ಓದಲು ಬರಬೇಕು. ವಿಳಾಸ ಬೇಡವೆಂದರೆ ಡ್ರೈವಿಂಗ್ ಲೈಸೆನ್ಸ್ ನಂಬರ್ ಸಾಕು. ಕಳ್ಳನಿಗೆ ಮನೆಯ ದಾರಿ ತೋರಿಸುವುದು ಯಾಕೆ ಎಂದು ನಾನು ನಂಬರೇ ಹಾಕುವುದು. ಇನ್ನೊಂದು ವಿಷಯ ನಿನಗೆ ಸಿಟ್ಟು ಬರಿಸಬಹುದು. ಹೆಸರು ಬರೆದ ಮಾತ್ರಕ್ಕೆ ಆ ಜಾಗ ನಿನ್ನದಾಗುವುದಿಲ್ಲ. ನಿನ್ನ ಅಟ್ಟದಲ್ಲಿ ಬೇರೆಯವನು ಬಂದು ಕೂತರೆ ಅದು ಕಳ್ಳತನ ಅಲ್ಲ. ಬಿಚ್ಚಿ ಒಯ್ದರೆ ಮಾತ್ರ ಕಳ್ಳತನ. ಮರಕ್ಕೆ ಮೊಳೆ, ಸ್ಕ್ರೂ ಹೊಡೆಯಬೇಡ, ಅದೂ ತಪ್ಪು.

ಸರಪಳಿ, ಬೀಗ ಹಾಕಬಹುದು. ಕಟ್ಟರ್ ತಂದವನಿಗೆ ಅದು ಎರಡು ನಿಮಿಷದ ಕೆಲಸ. ನಾನು ಈಗ ಬೆನ್ನಿಗೆ ಹೊತ್ತು ಒಯ್ಯುವ ಅಟ್ಟ ಇಟ್ಟುಕೊಂಡಿದ್ದೇನೆ, ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತದೆ. ಬೆನ್ನುನೋವು ಫ್ರೀ. ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ ಕಟ್ಟಿದೆ ಅಂತ ಬರೆದಿದ್ದೀ. ಎಲ್ಲರೂ ಮೊದಲು ಮಾಡುವುದೇ ಹಾಗೆ. ಕೈಗೆ ಸಿಗದಷ್ಟು ಮೇಲೆ ಕಟ್ಟಿ ಕೆಳಗೆ ವಾಲಿಸು. ದಾರಿ ನೋಡಿಕೊಂಡು ನಡೆಯುವವನು ತಲೆ ಎತ್ತುವುದು ಕಡಿಮೆ. ಸಿಮ್ ಇರುವ ಕ್ಯಾಮೆರಾ ಆದರೆ ಚಿತ್ರ ಆಗಲೇ ಫೋನಿಗೆ ಬಂದಿರುತ್ತದೆ, ಕದ್ದವನ ಮುಖವಾದರೂ ಉಳಿಯುತ್ತದೆ. ಕಟ್ಟಿಯೇ ಬಿಟ್ಟು ಬಂದ ಅಟ್ಟಕ್ಕೆ ಹತ್ತುವ ಮೊದಲು ಪ್ರತಿ ಪಟ್ಟಿಯನ್ನೂ ಎಳೆದು ನೋಡು. ಕದಿಯಲು ಬಂದು ಅರ್ಧ ಕೊಯ್ದು ಹೋದವರೂ ಇರುತ್ತಾರೆ. ಕಳ್ಳತನಕ್ಕಿಂತ ನನಗೆ ಭಯ ಅದರದ್ದೇ.

ಮಾಂಸ ಕತ್ತರಿಸಿ ಕೊಡುವ ಅಂಗಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಡೆ ನನ್ನ ದೊಡ್ಡ ಜಿಂಕೆ ಹನ್ನೊಂದು ಕೆಜಿ ಆಗಿ ವಾಪಸ್ ಬಂತು. ಮರುವರ್ಷ ಕತ್ತಿ ಮಸೆದು ನಾನೇ ಕೂತೆ.

ಕೋವಿಯನ್ನು ಗಾಡಿಯಲ್ಲಿ ಬಿಟ್ಟು ಚಾ ಕುಡಿಯಲು ಹೋಗಬೇಡ. ಅದು ಕಳುವಾದರೆ, ಗೊತ್ತಾದ ಐದು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು, ಇಲ್ಲಿನ ಕಾನೂನು. ನಂಬರ್ ಈಗಲೇ ಬರೆದಿಡು. ನೀನು ಎಚ್-1ಬಿ, ಕೆಲಸದ ವೀಸಾದಲ್ಲಿ ಬಂದವನು ಅಲ್ವಾ? ಆ ವೀಸಾದವರಿಗೆ ಕೋವಿ ಇಟ್ಟುಕೊಳ್ಳಲು ಬಿಡುವುದು ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಮಾತ್ರ. ಅದರ ಅವಧಿ ಮುಗಿಯಲು ಬಿಡಬೇಡ.

"ಮುಂದಿನ ಶನಿವಾರ ಅಲ್ಲೇ ಅಡಗಿ ಕೂತು ಹಿಡೀತೇನೆ" ಎಂದು ಕೊನೆಗೆ ಬರೆದಿದ್ದೀ. ಆ ಸಾಲು ಓದಿಯೇ ನಾನು ಇಷ್ಟುದ್ದ ಬರೆಯಲು ಕೂತದ್ದು. ಹಿಡಿಯಬೇಡ. ಅವನ ಕೈಯಲ್ಲೂ ಕೋವಿ, ನಿನ್ನ ಕೈಯಲ್ಲೂ ಕೋವಿ, ನಡುವೆ ನೂರು ಡಾಲರಿನ ಕ್ಯಾಮೆರಾ. ಮಾತು ಎತ್ತರಿಸಿ ಪೊಲೀಸ್ ಕೇಸಾದರೆ ಅವನು ಸಂಜೆ ಮನೆಗೆ ಹೋಗುತ್ತಾನೆ, ನಿನ್ನ ವೀಸಾ ಏನಾಗುತ್ತದೋ. ಗಾಡಿ ನಂಬರ್ ಬರೆದುಕೊಂಡು ಹಿಂದೆ ಸರಿ, ಪೊಲೀಸರಿಗೆ ಹೇಳು. ಜಿಂಕೆಯ ವಿಷಯವಾದರೆ ಇಲ್ಲಿನ ಅರಣ್ಯದ ಅಧಿಕಾರಿಗಳಿಗೆ ಫೋನ್ ಮಾಡು. ಕಳ್ಳಬೇಟೆ ತಿಳಿಸಲೆಂದೇ ಅವರದ್ದೊಂದು ನಂಬರ್ ಇದೆ.

14ರ ರಾತ್ರಿ ನಮ್ಮಲ್ಲಿಗೆ ಬಾ. ಪಕ್ಕದ ಜೋಳದ ಹೊಲದ ಮುದುಕ ನನಗೆ ಅವನ ಜಾಗದಲ್ಲಿ ಬಿಡುತ್ತಾನೆ, ನಿನ್ನ ಬಗ್ಗೆಯೂ ಕೇಳಿ ಇಡುತ್ತೇನೆ. ಕಿತ್ತಳೆ ಬಣ್ಣದ ಅಂಗಿ ಮರೆಯಬೇಡ. ಅತ್ತೆ ನಿನ್ನ ಅಮ್ಮ ಕಳುಹಿಸಿದ ಹಪ್ಪಳ ಉಳಿದಿದೆಯಾ ಎಂದು ಕೇಳುತ್ತಿದ್ದಾಳೆ.