ಪ್ರತಿ: ಇಂಗ್ಲೆಂಡಿನ ಲೀಡ್ಸ್ ಹತ್ತಿರ ದೋಸೆ ಸ್ಟಾಲ್, ‘ದಾಖಲೆ ಸಾಲದು’ ಎಂದು ಅರ್ಜಿ ವಾಪಸ್ ಬಂತು

ಮಾರ್ಕೆಟ್‌ನಲ್ಲಿ ಸ್ಟಾಲ್ ಹಾಕಲು ನೀವು ಕೊಟ್ಟ ಅರ್ಜಿ ವಾಪಸ್ ಬರಲು ಬಹುಶಃ ಹೈಜೀನ್ ರೇಟಿಂಗ್ (ಸ್ವಚ್ಛತೆ ನೋಡಿ ಕೊಡುವ ಅಂಕ) ಇಲ್ಲದಿರುವುದೇ ಕಾರಣ. ನನ್ನ ಮೊದಲ ಅರ್ಜಿಯೂ ಹೀಗೇ ವಾಪಸ್ ಬಂದಿತ್ತು. ಸ್ಟ್ರೀಟ್ ಫುಡ್ ಸ್ಟಾಲ್‌ಗಳು ಜಾಸ್ತಿಯಾದ ಮೇಲೆ ಮಾರ್ಕೆಟ್‌ನವರು ರುಚಿಗಿಂತ ಮೊದಲು ಕಾಗದ ನೋಡುತ್ತಾರೆ.

ಮೊದಲು ಕೌನ್ಸಿಲ್‌ನಲ್ಲಿ (ಅಲ್ಲಿನ ಸ್ಥಳೀಯ ಆಡಳಿತ) ಫುಡ್ ಬಿಸಿನೆಸ್ ಎಂದು ನೋಂದಾಯಿಸಿ. ಇದು ಉಚಿತ, ಆದರೆ ವ್ಯಾಪಾರ ಶುರುಮಾಡುವ 28 ದಿನ ಮೊದಲೇ ಆಗಬೇಕು. ಹಿಟ್ಟು ಮನೆಯಲ್ಲೇ ರುಬ್ಬುತ್ತೀರಿ ಅಲ್ವಾ? ಹಾಗಾದರೆ ಕೌನ್ಸಿಲ್‌ನ ಇನ್‌ಸ್ಪೆಕ್ಟರ್ ನಿಮ್ಮ ಅಡುಗೆಮನೆಯನ್ನೂ ನೋಡಬಹುದು. ಅವರು ಬಂದುಹೋದ ಮೇಲೆಯೇ 0ರಿಂದ 5ರ ರೇಟಿಂಗ್ ಸಿಗುವುದು. ಎಷ್ಟು ವಾರ ಹಿಡಿಯುತ್ತದೆ ಎನ್ನುವುದು ಕೌನ್ಸಿಲ್ ಮೇಲಿದೆ, ಫೋನ್ ಮಾಡಿ ಕೇಳಿ.

ಕಾಯುವಾಗ ಅಲರ್ಜಿ ಪಟ್ಟಿ ಬರೆಯಿರಿ. ನಮ್ಮವರು ಎಡವುವುದು ಇಲ್ಲೇ. ಅಲ್ಲಿನ ಕಾನೂನಿನ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆ ಇದೆ, ಎಳ್ಳಿದೆ, ಕಡಲೆಕಾಯಿ ಇದೆ, ಗೋಡಂಬಿಯೂ ಸೇರುತ್ತದೆ. ಅಂದರೆ ಚಟ್ನಿಯ ಒಗ್ಗರಣೆಯೇ ಪಟ್ಟಿಗೆ ಬರಬೇಕು. ಇಂಗಿನ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಬಹಳಷ್ಟು ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅದು ಸಾಂಬಾರಿಗೆ ಬಿದ್ದರೆ ‘ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಇಲ್ಲ’ ಎಂದು ಸುಮ್ನೆ ಬೋರ್ಡ್ ಹಾಕಬೇಡಿ, ಯಾರಿಗಾದರೂ ನಿಜಕ್ಕೂ ತೊಂದರೆಯಾಗುತ್ತದೆ.

ಆಮೇಲೆ ಪಬ್ಲಿಕ್ ಲಯಬಿಲಿಟಿ ವಿಮೆ, ಅಂದರೆ ನಿಮ್ಮ ಸ್ಟಾಲ್‌ನಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ವಿಮೆ. ಸಿಲಿಂಡರ್ ಬಳಸುವುದಾದರೆ ಗ್ಯಾಸ್ ಸೇಫ್ (ಅಲ್ಲಿನ ಅಧಿಕೃತ ಗ್ಯಾಸ್ ಕೆಲಸಗಾರರ ಪಟ್ಟಿ) ಎಂಜಿನಿಯರ್ ಕೊಟ್ಟ ಸರ್ಟಿಫಿಕೇಟ್ ಕೂಡ ಬೇಕು. ಮನೆಯ ಬಾಯ್ಲರ್ ನೋಡುವವರೆಲ್ಲ ಇದನ್ನು ಕೊಡುವಂತಿಲ್ಲ, ಮೊಬೈಲ್ ಕೇಟರಿಂಗ್ (ಸ್ಟಾಲ್, ಗಾಡಿಗಳಲ್ಲಿನ ಅಡುಗೆ) ಅರ್ಹತೆ ಇದೆಯೇ ಎಂದು ಮೊದಲೇ ಕೇಳಿ.

ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ, ಕಾವಲಿ ಮೇಲಿನ ದೋಸೆಯ ಒಳ್ಳೆಯ ಫೋಟೋ ಜೊತೆಗಿಟ್ಟು ಮತ್ತೆ ಅರ್ಜಿ ಹಾಕಿ.