ಕಚೇರಿಯಲ್ಲಿ ‘ಪಿಕ್ ಅಪ್’ ಎಂದರೆ ಏನು ಮಾಡಬೇಕು?

ತಂಗೀ, ದುರ್ಗದಿಂದ ಇಂಗ್ಲೆಂಡಿಗೆ ಬಂದು ಈಗಷ್ಟೇ ಕೆಲಸಕ್ಕೆ ಸೇರಿರುವ ನೀವು, ಕಚೇರಿಯವರು ಮಾತುಮಾತಿಗೂ ‘ಪಿಕ್ ಅಪ್’ ಎನ್ನುತ್ತಾರೆ, ಅರ್ಥ ಮಾತ್ರ ಪ್ರತಿ ಸಲವೂ ಬೇರೆಯಿರುತ್ತದೆ, ಇದನ್ನು ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ದಾವಣಗೆರೆ ಬಿಟ್ಟು ಬಹುಕಾಲದಿಂದ ಇಲ್ಲಿ ನೆಲೆಸಿರುವ ನನಗೆ ಇದು ಸಣ್ಣ ಪ್ರಶ್ನೆಯೆಂದು ಅನಿಸುವುದಿಲ್ಲ.

ನಮ್ಮ ಊರುಗಳಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು: ಬಸ್ಸಿನವರ ಪಿಕಪ್ ಪಾಯಿಂಟ್, ಗಾಡಿಯ ಪಿಕಪ್. ಇವೆರಡನ್ನೇ ಹಿಡಿದುಕೊಂಡರೂ ಬಹಳಷ್ಟು ತಿಳಿಯುತ್ತದೆ. ಮಗುವನ್ನು ಶಾಲೆಯಿಂದ ಕರೆತರುವುದು, ಔಷಧದ ಅಂಗಡಿಯಿಂದ ಮಾತ್ರೆ ತರುವುದು, ಬರುವ ದಾರಿಯಲ್ಲಿ ಹಾಲು ಕೊಳ್ಳುವುದು ಮೊದಲನೆಯದರ ಕವಲುಗಳು; ಮಂದವಾಗಿದ್ದ ವ್ಯಾಪಾರ ಚುರುಕಾಗುವುದು, ಗಾಳಿ ಜೋರಾಗುವುದು ಎರಡನೆಯದರ ಹತ್ತಿರದವು. ಫೋನ್ ಎತ್ತುವುದು, ನೆಗಡಿ ಅಂಟಿಸಿಕೊಳ್ಳುವುದು, ಪಾಠವಿಲ್ಲದೆ ಕೇಳಿ ಕೇಳಿಯೇ ಭಾಷೆ ಕಲಿಯುವುದು, ಎಲ್ಲರ ಊಟದ ಬಿಲ್ಲನ್ನು ಒಬ್ಬರೇ ಕೊಡುವುದು ಸಹ ಪಿಕ್ ಅಪ್ಪೇ. ನಾವು ಬಸ್ಸು ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅಲ್ಲಿ ಗೊಂದಲವಾಗದ ನಮಗೆ ಇಲ್ಲಿಯೂ ಜೊತೆಗಿರುವ ಪದವೇ ದಾರಿ ತೋರಿಸುತ್ತದೆ. ಆದ್ದರಿಂದ ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ.

ನಿಜವಾದ ತೊಡಕಿರುವುದು ಕಚೇರಿಯಲ್ಲಿ. ಮ್ಯಾನೇಜರ್ ‘ಕ್ಯಾನ್ ಯೂ ಪಿಕ್ ದಿಸ್ ಅಪ್?’ ಎಂದರೆ, ಕೇಳುವುದಕ್ಕೆ ಅದು ಮೃದುವಾದ ಪ್ರಶ್ನೆಯಾದರೂ, ನೀವು ಆಗಲಿ ಎಂದ ಕ್ಷಣದಿಂದ ಆ ಕೆಲಸದ ಹೊಣೆ ನಿಮ್ಮದು, ಅದು ಎಲ್ಲಿಗೆ ಬಂತು ಎಂದು ಮುಂದೆ ಕೇಳುವುದೂ ನಿಮ್ಮನ್ನೇ. ಅವರೇ ‘ಲೆಟ್ಸ್ ಪಿಕ್ ದಿಸ್ ಅಪ್ ಆನ್ ಮಂಡೇ’ ಎಂದರೆ, ನಿಂತ ಚರ್ಚೆಯನ್ನು ಸೋಮವಾರ ಮುಂದುವರಿಸೋಣ ಎಂದಷ್ಟೇ ಅರ್ಥ; ಅದರಿಂದ ಯಾರ ಮೇಲೂ ಹೊಸ ಕೆಲಸ ಬೀಳಲಿಲ್ಲ. ಸಂದೇಹವಿದ್ದರೆ, ಇದನ್ನು ನಾನು ಗುರುವಾರದೊಳಗೆ ಮುಗಿಸಬೇಕೆ ಎಂದು ಅಲ್ಲಿಯೇ ಕೇಳಿಬಿಡಿ. ದೊಡ್ಡವರನ್ನು ಮರುಪ್ರಶ್ನಿಸಬಾರದೆಂಬ ನಮ್ಮ ಸಂಕೋಚ ಇಲ್ಲಿ ಬೇಡ, ಹಾಗೆ ಕೇಳುವುದನ್ನು ಇಲ್ಲಿಯವರು ಶ್ರದ್ಧೆಯೆಂದೇ ತಿಳಿಯುತ್ತಾರೆ.

ನೀವೇ ಮಾತನಾಡುವಾಗ ‘ಪಿಕ್ ಇಟ್ ಅಪ್’ ಎನ್ನಬೇಕು, ‘ಪಿಕ್ ಅಪ್ ಇಟ್’ ಎನ್ನುವಂತಿಲ್ಲ. ಇನ್ನೊಂದನ್ನು ಒತ್ತಿ ಹೇಳುತ್ತೇನೆ: ‘ಪಿಕ್ ಅಪ್ ಆನ್’ ಎಂದರೆ ಸೂಕ್ಷ್ಮವಾದುದನ್ನು ಗಮನಿಸುವುದು ಅಥವಾ ಯಾರೋ ಎತ್ತಿದ ಅಂಶವನ್ನು ಮುಂದುವರಿಸುವುದು, ಆದರೆ ನಡುವಿನ ‘ಅಪ್’ ಬಿಟ್ಟುಹೋಗಿ ‘ಪಿಕ್ ಆನ್’ ಆದರೆ ಒಬ್ಬರನ್ನೇ ಗುರಿಮಾಡಿ ಪೀಡಿಸುವುದು ಎಂದಾಗುತ್ತದೆ, ಸಹೋದ್ಯೋಗಿಯ ಮಾತನ್ನು ಮುಂದುವರಿಸಲು ಹೊರಟವರು ಅವರನ್ನು ಕಾಡುತ್ತೇನೆಂದು ಹೇಳಿದಂತಾದೀತು.