ಅಣ್ಣನಿಗೆ ಜಿಬಿಎಸ್ ಅಂತೆ. ಇದು ಲಕ್ವಾನಾ? ಮಕ್ಕಳಿಗೆ ಅಂಟುತ್ತಾ?

ಜಿಬಿಎಸ್ ಅಂದರೆ ಗಿಲನ್ ಬಾರೆ ಸಿಂಡ್ರೋಮ್, ನರಗಳ ಕಾಯಿಲೆ. ಲಕ್ವಾ ಅಲ್ಲ. ಅಂಟುವುದೂ ಇಲ್ಲ. ಮಕ್ಕಳು ಧೈರ್ಯವಾಗಿ ಅಪ್ಪನ ಕೈ ಹಿಡಿದು ಕೂರಲಿ.

ನಾವಿರುವುದು ಪುಣೆಯ ಧಾಯರಿಯಲ್ಲಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ತುಂಬ ಜನಕ್ಕೆ ಗಿಲನ್ ಬಾರೆ ಬಂತಲ್ಲ, ಆಗ ನನ್ನ ತಮ್ಮನಿಗೂ ಬಂತು. ಮೊದಲು ಎರಡು ದಿನ ಭೇದಿ. ವಾರ ಕಳೆದ ಮೇಲೆ ಅಂಗಾಲು ಜುಮ್ಮೆನ್ನತೊಡಗಿತು. ಒಂದು ಬೆಳಿಗ್ಗೆ ಹಾಲು ತರಲು ಹೋದವನ ಚಪ್ಪಲಿ ಮೆಟ್ಟಿಲಲ್ಲೇ ಕಳಚಿ ಬಿದ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಲಕ್ವಾದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ಇಲ್ಲಿ ಮೆದುಳು ಚೆನ್ನಾಗೇ ಇರುತ್ತದೆ, ಕೈಕಾಲಿಗೆ ಹೋಗುವ ನರಗಳು ಕೆಡುತ್ತವೆ. ಪುಣೆಯಲ್ಲಿ ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿತ್ತು. ಕೆಟ್ಟ ನೀರು, ಸರಿಯಾಗಿ ಬೇಯದ ಕೋಳಿಯಿಂದ ಹೊಟ್ಟೆ ಸೇರುವ ಬ್ಯಾಕ್ಟೀರಿಯಾ ಅದು. ಅದರ ಮೈಮೇಲಿನ ಒಂದು ಅಂಶ ನಮ್ಮ ನರದ ಅಂಶದ ಹಾಗೇ ಇರುತ್ತದೆ. ಅದನ್ನು ಕೊಲ್ಲಲು ಹೊರಟ ನಮ್ಮ ದೇಹದ ರಕ್ಷಣಾ ಪಡೆ ಗುರುತು ತಪ್ಪಿ ನರದ ಮೇಲೂ ಬೀಳುತ್ತದೆ. ಭೇದಿ ಆದವರಿಗೆಲ್ಲ ಹೀಗಾಗುವುದಿಲ್ಲ, ತೀರಾ ಅಪರೂಪ.

ಈಗ ನೀವು ಜಾಸ್ತಿ ನೋಡಬೇಕಾದದ್ದು ಕಾಲನ್ನಲ್ಲ, ಉಸಿರನ್ನು. ಕಾಲಿನ ಸೋಲು ಮೇಲೇರುತ್ತಾ ಎದೆಗೂ ಬರಬಹುದು. ನೂರರಲ್ಲಿ 20ರಿಂದ 30 ಜನಕ್ಕೆ ವೆಂಟಿಲೇಟರ್ ಬೇಕಾಗುತ್ತದೆ. ನಮ್ಮ ವಾರ್ಡಿನ ಸಿಸ್ಟರ್ ಆಗಾಗ ಬಂದು, ಒಂದೇ ಉಸಿರಲ್ಲಿ ಎಣಿಸು ಅಂತ ಮರಾಠಿಯಲ್ಲಿ ಹೇಳುತ್ತಿದ್ದರು. ಇವನು ಕನ್ನಡದಲ್ಲಿ ಎಣಿಸುತ್ತಿದ್ದ. ಮೊದಲ ದಿನ ಮೂವತ್ತೊಂದು. ಮೂರನೇ ದಿನ ಹದಿನಾಲ್ಕಕ್ಕೆ ನಿಂತುಬಿಟ್ಟ. ಸಿಸ್ಟರಿಗೆ ಕನ್ನಡ ಬರದು, ಆದರೂ ಕೂಡಲೇ ಡಾಕ್ಟರನ್ನು ಕರೆದರು. ಆ ರಾತ್ರಿಯೇ ಐಸಿಯು. ನಿಮ್ಮಣ್ಣನ ದನಿ ಸಣ್ಣಗಾದರೆ, ನುಂಗಲು ಕಷ್ಟವಾದರೆ, ಬೆಳಗಾಗಲಿ ಅಂತ ಕಾಯಬೇಡಿ.

ಚಿಕಿತ್ಸೆ ಎರಡು ಬಗೆ. ಸಾಮಾನ್ಯವಾಗಿ 5 ದಿನ ರಕ್ತನಾಳಕ್ಕೆ ಕೊಡುವ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು), ಇಲ್ಲವೇ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ದ್ರವ ತುಂಬುವುದು). ಎರಡೂ ಒಂದೇ ಸಮ, ಬೇಗ ಶುರುವಾಗಬೇಕು ಅಷ್ಟೇ. ಸ್ಟೀರಾಯ್ಡ್ ಇದಕ್ಕೆ ಕೆಲಸ ಮಾಡುವುದಿಲ್ಲ. ಔಷಧಿ ಮುಗಿದ ಮರುದಿನವೇ ಎದ್ದು ಕೂರುತ್ತಾನೆ ಅಂತ ಅಮ್ಮ ಕಾದು ಕೂತಿದ್ದರು. ಹಾಗಾಗಲ್ಲ. ನರ ತಾನಾಗೇ ನಿಧಾನಕ್ಕೆ ಸರಿಯಾಗಬೇಕು. ಆರು ತಿಂಗಳಲ್ಲಿ ನೂರಕ್ಕೆ ಸುಮಾರು 80 ಜನ ಆಸರೆ ಇಲ್ಲದೆ ನಡೆಯುತ್ತಾರೆ. ನನ್ನ ತಮ್ಮ ಐದನೇ ತಿಂಗಳಲ್ಲಿ ನಡೆದ. ಫಿಸಿಯೋಥೆರಪಿ ಒಂದು ದಿನವೂ ತಪ್ಪಿಸಲಿಲ್ಲ. ಸುಸ್ತು ಮಾತ್ರ ಈಗಲೂ ಇದೆ.

ಇನ್ನೊಂದು ಮಾತು. ಅವರು ಅಲುಗಾಡದೆ ಮಲಗಿದ್ದರೂ ಎಲ್ಲ ಕೇಳಿಸುತ್ತಿರುತ್ತದೆ. ಖರ್ಚಿನ ಮಾತು, ಅಳು, ಎಲ್ಲ ವಾರ್ಡಿನ ಹೊರಗೆ ಇಟ್ಟುಕೊಳ್ಳಿ.